ಹಡಗು ನಡೆಸುವ ವಿದ್ಯೆ



ಕಡಲು ಕಾಣದ ಕೊಯಮತ್ತೂರಿನಲ್ಲಿ ಹಡಗಿನ ಮಾತೇಕೆ ಎಂದು ತಾವು ಕೇಳಬಹುದು. ತಿರುಪ್ಪೂರಿನ ಬನಿಯನ್ನು ಪರದೇಶಗಳಿಗೆ ಹೋಗುವುದು ಬಹುಮಟ್ಟಿಗೆ ಹಡಗನ್ನೇರಿ. ಅಷ್ಟೇ ಅಲ್ಲ, 1906ರಲ್ಲಿ ಸ್ವದೇಶಿ ಹಡಗು ಕಂಪನಿಯನ್ನು ಸ್ಥಾಪಿಸಿ, ತೂತುಕುಡಿಗೂ ಕೊಲಂಬೊಗೂ ನಡುವೆ ಹಡಗು ಓಡಿಸಿದ ವ. ಉ. ಚಿದಂಬರಂ ಪಿಳ್ಳೆಯವರು 1908ರಿಂದ 1910ರವರೆಗೆ ಸೆರೆಯಲ್ಲಿದ್ದು ಗಾಣ ಎಳೆದದ್ದು ಇದೇ ಕೊಯಮತ್ತೂರಿನ ಕಾರಾಗೃಹದಲ್ಲಿ. ಹಡಗು ನಮಗೆ ಅನ್ಯವಲ್ಲ.

ಹಡಗಿನ ಡೆಕ್ ಅಧಿಕಾರಿಯು ಮೊದಲು ಅರಿಯಬೇಕಾದುದು ಇಷ್ಟು: ಹಡಗು ಹೇಳಿದ ಮಾತನ್ನು ತಡವಾಗಿ ಕೇಳುತ್ತದೆ. ಎತ್ತಿನ ಗಾಡಿ ಹಗ್ಗ ಜಗ್ಗಿದರೆ ನಿಲ್ಲುತ್ತದೆ. ಮೋಟಾರು ಗಾಡಿಗೆ ಬ್ರೇಕುಂಟು. ಹಡಗಿಗೆ ಅದಿಲ್ಲ. ಭಾರ ತುಂಬಿದ ದೊಡ್ಡ ಹಡಗು, ಎಂಜಿನ್ನನ್ನು ಹಿಮ್ಮುಖವಾಗಿ ನಡೆಸಿದ ಮೇಲೂ, ಮೈಲಿಗೂ ಮಿಕ್ಕಿ ಮುಂದಕ್ಕೆ ಸಾಗಬಲ್ಲದು.

ಎರಡನೆಯದು, ಚುಕ್ಕಾಣಿ ಇರುವುದು ಹಿಂಬದಿಯಲ್ಲಿ. ಮುಂದೆ ಸಾಗುತ್ತಿರುವ ಹಡಗನ್ನು ಬಲಕ್ಕೆ ತಿರುಗಿಸಿದರೆ, ಮೂತಿ ಬಲಕ್ಕೆ ಸರಿಯುವುದಕ್ಕಿಂತ ಹೆಚ್ಚಾಗಿ ಹಿಂಬದಿ ಎಡಕ್ಕೆ ಬೀಸುತ್ತದೆ. ಮುಂದನ್ನು ಮಾತ್ರ ನೋಡುವವನು ಹಿಂಬದಿಯನ್ನು ಬಂದರಿನ ಕಟ್ಟೆಗೆ ಬಡಿಸುತ್ತಾನೆ.

ಈ ತತ್ತ್ವ ಒಂದು ಜೀವವನ್ನೂ ಉಳಿಸಬಲ್ಲದು. ಬಲಬದಿಯಿಂದ ಒಬ್ಬನು ನೀರಿಗೆ ಬಿದ್ದನೆನ್ನೋಣ. ಒಡನೆಯೇ ಚುಕ್ಕಾಣಿಯನ್ನು ಪೂರ್ತಿಯಾಗಿ ಬಲಕ್ಕೇ ತಿರುಗಿಸಬೇಕು. ಆಗ ಹಿಂಬದಿಯೂ ಅಲ್ಲಿ ಸುತ್ತುವ ಪ್ರೊಪೆಲ್ಲರೂ ಅವನಿಂದ ದೂರ ಸರಿಯುತ್ತವೆ. ದಿಕ್ಕು ಸುಮಾರು 60 ಡಿಗ್ರಿ ಬದಲಾದ ಮೇಲೆ ಚುಕ್ಕಾಣಿಯನ್ನು ಪೂರ್ತಿ ಎಡಕ್ಕೆ ಹೊರಳಿಸಿದರೆ, ಹಡಗು ಸುತ್ತಿ ಬಂದು ತಾನು ಬಂದ ಹಾದಿಯಲ್ಲೇ ಎದುರುಮುಖವಾಗಿ ನಿಲ್ಲುತ್ತದೆ. ಇದನ್ನು ವಿಲಿಯಂಸನ್ ತಿರುವು ಎನ್ನುತ್ತಾರೆ. ಕತ್ತಲೆಯಲ್ಲಿ ಬಿದ್ದವನನ್ನು ಹುಡುಕಲು ಇದು ಬಹಳ ಉಪಯುಕ್ತ.

ಲಂಗರಿನ ವಿಷಯದಲ್ಲಿಯೂ ಜನ ತಪ್ಪು ತಿಳಿಯುವುದುಂಟು. ಹಡಗನ್ನು ಹಿಡಿಯುವುದು ಲಂಗರಿನ ಭಾರವೊಂದೇ ಅಲ್ಲ. ಧಾರಾಳವಾಗಿ ಬಿಟ್ಟ ಸರಪಳಿ ತಳದಲ್ಲಿ ಮಲಗಿ ಎಳೆತವನ್ನು ಸಮತಲದಲ್ಲಿ ಇಟ್ಟಾಗಲೇ ಲಂಗರು ನೆಲವನ್ನು ಕಚ್ಚುತ್ತದೆ. ಸರಪಳಿ ಗಿಡ್ಡವಾದರೆ ಲಂಗರು ಎದ್ದು ಜಾರುತ್ತದೆ.

ಎದುರುಬದುರಾಗಿ ಬರುವ ಎರಡು ಯಂತ್ರಚಾಲಿತ ಹಡಗುಗಳೂ ಬಲಕ್ಕೆ ತಿರುಗಬೇಕು; ಅಡ್ಡ ಹಾಯುವಾಗ, ಇನ್ನೊಂದನ್ನು ತನ್ನ ಬಲಕ್ಕೆ ಕಂಡದ್ದು ದಾರಿ ಬಿಡಬೇಕು. 1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿ ಇದಿದೆ. ದಾರಿ ಬಿಡುವುದನ್ನು ಬೇಗನೆ, ಎದುರಿನವನಿಗೆ ಸ್ಪಷ್ಟವಾಗಿ ಕಾಣುವಂತೆ ಮಾಡಬೇಕೆಂದೂ ಅವು ವಿಧಿಸುತ್ತವೆ.

2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರಿನಲ್ಲಿ ಡಾಲಿ ಎಂಬ, ಸುಮಾರು 300 ಮೀಟರು ಉದ್ದದ ಹಡಗಿನ ವಿದ್ಯುತ್ತು ಕಡಿದುಹೋಯಿತು. ಅದರ ನಾವಿಕರಲ್ಲಿ ಬಹುಪಾಲು ಭಾರತೀಯರು. ಲಂಗರು ಬಿಟ್ಟರೂ ಹಡಗು ನಿಲ್ಲದೆ ಸೇತುವೆಗೆ ಬಡಿಯಿತು. ಸೇತುವೆಯ ಮೇಲೆ ದುಡಿಯುತ್ತಿದ್ದ ಆರು ಮಂದಿ ಕೂಲಿಕಾರರು ಮಡಿದರು. ಆದರೆ ಅಪಾಯದ ಸುದ್ದಿಯನ್ನು ಹಡಗಿನಿಂದ ಮೊದಲೇ ತಿಳಿಸಿದ್ದುದರಿಂದ ಪೋಲೀಸರು ವಾಹನಗಳನ್ನು ತಡೆದರು, ಅನೇಕರು ಬದುಕಿದರು. ಕೈಮೀರಿದಾಗಲೂ ಸಕಾಲದಲ್ಲಿ ಆಡಿದ ಒಂದು ಮಾತಿಗೆ ಎಷ್ಟು ಬೆಲೆ ಎಂಬುದನ್ನು ನಾವು ಮರೆಯಬಾರದು.

ಮಿತ್ರರೇ, ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಓದಿದವರಿಗೆ ಈ ವೃತ್ತಿ ತೆರೆದಿದೆ. 2008ರಲ್ಲಿ ಸ್ಥಾಪನೆಯಾದ ಭಾರತೀಯ ಸಾಗರ ವಿಶ್ವವಿದ್ಯಾಲಯದ ಕೇಂದ್ರವು ಚೆನ್ನೈಯಲ್ಲಿಯೇ ಇದೆ. ಹಡಗಿನ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುವುದರಿಂದ ಅದನ್ನೂ ಶ್ರದ್ಧೆಯಿಂದ ಕಲಿಯಿರಿ. ಆದರೆ ಕನ್ನಡದಲ್ಲಿ ಕಲಿತ ಗಣಿತ ಕಡಲಿನಲ್ಲಿ ಬದಲಾಗುವುದಿಲ್ಲ. ಅಂಥ ಒಬ್ಬ ಬಡ ವಿದ್ಯಾರ್ಥಿಯೋ ವಿದ್ಯಾರ್ಥಿನಿಯೋ ಮುಂದೆ ಬಂದರೆ, ಶುಲ್ಕದ ಕಾರಣದಿಂದ ಹಿಂದಿರುಗದಂತೆ ನೋಡಿಕೊಳ್ಳುವುದು ನಮ್ಮ ಸಂಘದ ದಾನಿಗಳ ಧರ್ಮವಾಗಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇವೆ.