ಬಿಷಪರ ಬೆನ್ನ ಹಿಂದಿನ ಬೆಟ್ಟ



ಭಾವಚಿತ್ರವೆಂದರೆ ಮುಖದ ಹೋಲಿಕೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಆ ಮುಖದ ಹಿಂದೆ ಏನನ್ನು ಬರೆಯಲಾಗಿದೆ, ಏನನ್ನು ಬಿಡಲಾಗಿದೆ ಎಂಬುದನ್ನೂ ಗಮನಿಸಬೇಕು. ಉದಾಹರಣೆಗೆ ಒಂದು ತೈಲಚಿತ್ರವನ್ನು ನೋಡೋಣ.

ಇದನ್ನು 1790ರಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಬರೆದವರು ಎಲಿಜಬೆತ್ ವಿಜೇ ಲ ಬ್ರನ್. ಫ್ರಾನ್ಸಿನ ರಾಣಿಯ ಚಿತ್ರಗಳನ್ನು ಬರೆದು ಹೆಸರಾಗಿದ್ದ ಈಕೆ, 1789ರ ಕ್ರಾಂತಿಯ ವೇಳೆ ದೇಶ ಬಿಟ್ಟು ಬಂದಿದ್ದರು. ಚಿತ್ರದಲ್ಲಿರುವವರು ಫ್ರೆಡರಿಕ್ ಹಾರ್ವಿ. ಐರ್ಲೆಂಡಿನ ಡೆರಿಯ ಪ್ರಾಟೆಸ್ಟಂಟ್ ಬಿಷಪ್. ಜೊತೆಗೆ ಬ್ರಿಸ್ಟಲ್‌ನ ನಾಲ್ಕನೆಯ ಅರ್ಲ್, ಅಂದರೆ ಇಂಗ್ಲೆಂಡಿನ ದೊಡ್ಡ ಕುಲೀನ ಮನೆತನದ ಯಜಮಾನ. ಆದರೆ ಅವರ ಹಿಂದೆ ಕಾಣುವುದು ಇಗರ್ಜಿಯ ಗೋಪುರವಲ್ಲ, ವೆಸೂವಿಯಸ್ ಜ್ವಾಲಾಮುಖಿ!

ಇದಕ್ಕೆ ಕಾರಣವಿದೆ. 1766ರಲ್ಲಿ ಆ ಬೆಟ್ಟದ ಬಳಿ ಹೋದಾಗ, ಒಳಗಿನಿಂದ ಸಿಡಿದ ಕಲ್ಲು ಬಡಿದು ಹಾರ್ವಿಯವರ ತೋಳಿಗೆ ಪೆಟ್ಟಾಗಿತ್ತು. ಆದರೂ ಜ್ವಾಲಾಮುಖಿಗಳ ಮೇಲಿನ ಕುತೂಹಲ ಕುಗ್ಗಲಿಲ್ಲ. ಅವರು ಐರ್ಲೆಂಡಿನ ಕಪ್ಪು ಶಿಲಾಸ್ತಂಭಗಳನ್ನೂ ಅಭ್ಯಾಸ ಮಾಡಿದರು.

ಬಿಷಪ್ ಪದವಿ ಅವರಿಗೆ ದೊರೆತದ್ದು ಅಣ್ಣನ ಪ್ರಭಾವದಿಂದ. ಹಾಗೆಂದು ಅವರನ್ನು ಸೋಮಾರಿ ಎನ್ನಲಾಗದು. ಕ್ಯಾಥೊಲಿಕರ ಮೇಲಿದ್ದ ಕಾನೂನಿನ ನಿರ್ಬಂಧಗಳು ಹೋಗಬೇಕೆಂದು ಅವರು ವಾದಿಸಿದರು. ಡೌನ್‌ಹಿಲ್‌ನ ಕಡಲಂಚಿನ ಕಡಿದಾದ ಬಂಡೆಯ ಮೇಲೆ ಮಸೆಂಡನ್ ಟೆಂಪಲ್ ಎಂಬ ದುಂಡನೆಯ ಗ್ರಂಥಾಲಯ ಕಟ್ಟಿಸಿ, ಅದರ ಕೆಳಗಿನ ಕೋಣೆಯಲ್ಲಿ ಕ್ಯಾಥೊಲಿಕರ ಪೂಜೆಗೆ ಅವಕಾಶ ಕೊಟ್ಟರು. ಆ ಕಾಲಕ್ಕೆ ಇದು ದೊಡ್ಡ ಮಾತು.

ಆದರೆ ಅವರ ಮನಸ್ಸು ಇಟಲಿಯಲ್ಲಿತ್ತು. ಚಿತ್ರ, ಶಿಲ್ಪಗಳನ್ನು ಕೊಳ್ಳುತ್ತ ಊರೂರು ತಿರುಗಿದರು. ಬಾಳಿನ ಕೊನೆಯ ಹತ್ತು ವರ್ಷಗಳಂತೂ ಡೆರಿಯತ್ತ ಸುಳಿಯಲೇ ಇಲ್ಲ. ಕೊಂಡದ್ದನ್ನೆಲ್ಲ ಇರಿಸಲು ಇಂಗ್ಲೆಂಡಿನ ಇಕ್‌ವರ್ತ್‌ನಲ್ಲಿ 1795ರಲ್ಲಿ ಭಾರಿ ಗುಮ್ಮಟದ ಅರಮನೆಯ ಕೆಲಸ ಆರಂಭವಾಯಿತು. ಮೂರೇ ವರ್ಷಗಳಲ್ಲಿ, ಅಂದರೆ 1798ರಲ್ಲಿ, ರೋಮ್ ಹಿಡಿದ ಫ್ರೆಂಚ್ ಸೈನ್ಯ ಅವರ ಸಂಗ್ರಹವನ್ನು ಜಪ್ತಿ ಮಾಡಿತು. ಅವರನ್ನೂ ಮಿಲಾನಿನಲ್ಲಿ ಸೆರೆಯಲ್ಲಿಟ್ಟರು. ಕಲಾವಿದೆಯನ್ನು ಊರು ಬಿಡಿಸಿದ ಕ್ರಾಂತಿಯೇ ಅವರ ಚಿತ್ರಗಳನ್ನೂ ಕಸಿಯಿತು. 1803ರಲ್ಲಿ ಹಾರ್ವಿ ರೋಮಿನ ಸಮೀಪ ದಾರಿಯಲ್ಲೇ ತೀರಿಕೊಂಡರು. ಅರಮನೆ ಇನ್ನೂ ಮುಗಿದಿರಲಿಲ್ಲ.

ಈಗ ಚಿತ್ರಕ್ಕೆ ಮರಳೋಣ. ಅದರಲ್ಲಿ ಇಲ್ಲದಿರುವುದು ಯಾವುದು? ಡೆರಿ. ಅಲ್ಲಿನ ಚರ್ಚಿನ ಜಮೀನುಗಳ ಗೇಣಿಯೂ ಈ ಯಾತ್ರೆಗಳಿಗೆ, ಈ ಸಂಗ್ರಹಕ್ಕೆ ಹಣ ಒದಗಿಸಿತು. ಹಾರ್ವಿ ಉದಾರಿಯೂ ಹೌದು, ಕರ್ತವ್ಯದಿಂದ ದೂರ ಉಳಿದವರೂ ಹೌದು. ಒಂದನ್ನು ಹೇಳಿ ಇನ್ನೊಂದನ್ನು ಮರೆತರೆ ಅದು ನ್ಯಾಯವಾಗದು.

ಈ ಚಿತ್ರ ಇಂದು ಇಕ್‌ವರ್ತ್‌ನ ಸಂಗ್ರಹದಲ್ಲಿದೆ. ಯಾವುದೇ ಭಾವಚಿತ್ರದ ಮುಂದೆ ನಿಂತಾಗ ಮೊದಲು ಮುಖ ನೋಡಿ, ಆಮೇಲೆ ಹಿನ್ನೆಲೆ ನೋಡಿ. ಕೊನೆಗೆ ಕೇಳಿಕೊಳ್ಳಿ: ಇದರ ಖರ್ಚು ಹೊತ್ತವರು ಯಾರು? ಅವರು ಚಿತ್ರದಲ್ಲಿ ಎಲ್ಲಿದ್ದಾರೆ?