ತಿರುವಿನಲ್ಲಿ ನಿಂತ ಜೀಪು

(ಬಾನುಲಿ ಭಾಷಣ)

ಬದುಕೆಲ್ಲ ಕನ್ನಡ ಪಾಠ ಹೇಳಿದವನು ಎಂಜಿನಿನ ಮಾತೆತ್ತಿದರೆ ಅಧಿಕಪ್ರಸಂಗವೆಂದು ಕೆಲವರಿಗಾದರೂ ತೋರಬಹುದು. ಆದರೆ ಮಲೆನಾಡಿನವರಾದ ನಮಗೆ ಜೀಪು ಮನೆಯ ಮಂದಿಯಲ್ಲಿ ಒಂದು. ಅದರ ಕೆಮ್ಮು, ನೆಗಡಿಗಳ ಸಮಾಚಾರ ಊಟದ ಎಲೆಯ ಮುಂದೆಯೂ ಬರುತ್ತದೆ. ಆ ಸಲುಗೆಯಿಂದಲೇ ಈ ನಾಲ್ಕು ಮಾತು.

ಚಿಕ್ಕಮಗಳೂರಿನಿಂದ ಮುತ್ತೋಡಿಯ ಕಡೆಗೆ ಹೋಗುವ ದಾರಿಯಲ್ಲಿ ಮಲ್ಲಂದೂರು ಇದೆ. ಅದರ ಆಸುಪಾಸಿನಲ್ಲಿ ನನ್ನ ತಮ್ಮನದೊಂದು ಸಣ್ಣ ಕಾಫಿ ತೋಟ. ಈಗ ಅದನ್ನು ಅವನ ಮಗ ನೋಡಿಕೊಳ್ಳುತ್ತಾನೆ. ಕಳೆದ ಕೊಯ್ಲಿನ ಕಾಲದಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಹುಡುಗ ಒಂದು ಪ್ರಶ್ನೆಯನ್ನು ನನ್ನ ಮುಂದಿಟ್ಟ. ತೋಟಕ್ಕೊಂದು ಹಳೆಯ ಜಿಪ್ಸಿ ಕೊಳ್ಳಬೇಕೆಂದು ಎರಡನ್ನು ನೋಡಿ ಬಂದಿದ್ದಾನೆ. ಒಂದು ಕಾರ್ಬ್ಯುರೇಟರಿನದು, ಮತ್ತೊಂದು ಫ್ಯೂಯೆಲ್ ಇಂಜೆಕ್ಷನಿನದು. "ಯಾವುದನ್ನು ತರಲಿ, ದೊಡ್ಡಪ್ಪ?" ಎಂದು ಕೇಳಿದ. ನಾನು ಹಿಂದುಮುಂದು ನೋಡದೆ, "ಕಾರ್ಬ್ಯುರೇಟರಿನದೇ ಇರಲಿ, ನಮ್ಮ ಕೈಗೆ ಬಗ್ಗುವಂಥದು" ಎಂದುಬಿಟ್ಟೆ. ಆ ಉತ್ತರವನ್ನು ನಾನು ಬದಲಾಯಿಸಬೇಕಾಗಿ ಬಂದ ಬಗೆಯನ್ನು ಹೇಳುವುದೇ ಇಂದಿನ ನನ್ನ ಉದ್ದೇಶ.

ಮೊದಲು ಎರಡರ ವ್ಯತ್ಯಾಸವನ್ನು ತಿಳಿಯೋಣ. ಪೆಟ್ರೋಲ್ ಎಂಜಿನು ಕುಡಿಯುವುದು ಬರಿಯ ಪೆಟ್ರೋಲನ್ನಲ್ಲ, ಗಾಳಿಯೊಡನೆ ಬೆರೆತ ಪೆಟ್ರೋಲನ್ನು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ಹದಿನಾಲ್ಕೂಮುಕ್ಕಾಲು ಪಾಲಿನಷ್ಟು ಗಾಳಿ ಬೇಕು. ಈ ಹದವನ್ನು ಕಾಯುವ ಹಳೆಯ ಸಾಧನವೇ ಕಾರ್ಬ್ಯುರೇಟರು. ಇಕ್ಕಟ್ಟಾದ ಕೊಳವೆಯಲ್ಲಿ ಗಾಳಿ ರಭಸದಿಂದ ನುಗ್ಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಪಕ್ಕದ ಬಟ್ಟಲಿನಲ್ಲಿರುವ ಪೆಟ್ರೋಲು ಸಣ್ಣ ರಂಧ್ರದ ಮೂಲಕ ಚಿಮ್ಮಿ ಗಾಳಿಯನ್ನು ಸೇರುತ್ತದೆ. ಬಟ್ಟಲಿನ ಮಟ್ಟವನ್ನು ಕಾಯುವುದು ಒಂದು ತೇಲುಬುರುಡೆ. ಕೆಲಸವೆಲ್ಲ ಗಾಳಿಯದು, ವಿದ್ಯುತ್ತಿನ ಹಂಗು ಬಹುಮಟ್ಟಿಗೆ ಇಲ್ಲ. ಇಂಜೆಕ್ಷನ್ ಪದ್ಧತಿಯಲ್ಲಾದರೋ, ಟ್ಯಾಂಕಿನಲ್ಲಿರುವ ವಿದ್ಯುತ್ ಪಂಪು ಪೆಟ್ರೋಲನ್ನು ಒತ್ತಡದಿಂದ ಕಳುಹಿಸುತ್ತದೆ. ಗಾಳಿಯ ಒತ್ತಡ, ಎಂಜಿನಿನ ಬಿಸಿ, ಅದರ ವೇಗ ಇವುಗಳನ್ನು ಅಳೆದು ಒಂದು ಪುಟ್ಟ ಕಂಪ್ಯೂಟರು ಎಷ್ಟು ಪೆಟ್ರೋಲು ಸಿಂಪಡಿಸಬೇಕೆಂಬುದನ್ನು ಕ್ಷಣಕ್ಷಣವೂ ತೀರ್ಮಾನಿಸುತ್ತದೆ.

ಜಿಪ್ಸಿಯ ಚರಿತ್ರೆಯಲ್ಲಿ ಈ ಎರಡು ಕಾಲಗಳನ್ನೂ ಕಾಣಬಹುದು. ಅದು ನಮ್ಮ ದೇಶಕ್ಕೆ ಬಂದದ್ದು 1985ರಲ್ಲಿ, ಒಂದು ಲೀಟರಿನ ಸಣ್ಣ ಎಂಜಿನಿನೊಡನೆ. 1996ರಲ್ಲಿ 1.3 ಲೀಟರಿನ ಎಂಜಿನು ಬಂದಿತು, ಅದಕ್ಕೂ ಕಾರ್ಬ್ಯುರೇಟರೇ. 2000ದಲ್ಲಿ ಇಂಜೆಕ್ಷನ್ ಸೇರಿತು. ಅರುವತ್ತರಷ್ಟಿದ್ದ ಅಶ್ವಶಕ್ತಿ ಎಂಬತ್ತಕ್ಕೆ ಏರಿತು. ಆ ಏರಿಕೆಯೆಲ್ಲ ಇಂಜೆಕ್ಷನಿನ ಮಹಿಮೆಯೆಂದು ತಿಳಿಯಬಾರದು. ಕವಾಟಗಳ ಸಂಖ್ಯೆಯೂ ಎಂಟರಿಂದ ಹದಿನಾರಾಗಿತ್ತು. ಈಗ ಜಿಪ್ಸಿಯ ತಯಾರಿಕೆ ನಿಂತಿದೆ. ಬೈಕುಗಳಲ್ಲಿ ಕೂಡ, 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ನಿಯಮದಿಂದಾಗಿ ಕಾರ್ಬ್ಯುರೇಟರು ಬಹುಮಟ್ಟಿಗೆ ಮರೆಯಾಯಿತು. ಹೀಗಾಗಿ ಈ ಆಯ್ಕೆಯ ಪ್ರಶ್ನೆ ಉಳಿದಿರುವುದು ಹಳೆಯ ಗಾಡಿ ಕೊಳ್ಳುವವರಿಗೆ. ಜೊತೆಗೆ ಹೋಮ್‌ಸ್ಟೇ, ರೆಸಾರ್ಟುಗಳ ಅಂಗಳದಲ್ಲಿ ಪ್ರವಾಸಿಗಳನ್ನು ಕುಣಿಸುವ ಆ ದಪ್ಪ ಚಕ್ರದ ಎ.ಟಿ.ವಿ. ಗಾಡಿಗಳನ್ನು ಕೊಳ್ಳುವವರಿಗೆ.

ಬಯಲುಸೀಮೆಯಲ್ಲಿ ಇದು ಅಂಥ ದೊಡ್ಡ ಪ್ರಶ್ನೆಯಲ್ಲ. ನಮ್ಮ ಬೆಟ್ಟಗಳಲ್ಲಿ ಹಾಗಲ್ಲ. ಮುಳ್ಳಯ್ಯನಗಿರಿಯ ಎತ್ತರ 1,900 ಮೀಟರಿಗೂ ಮಿಗಿಲು. ಸಮುದ್ರದ ದಂಡೆಯ ಮಂಗಳೂರಿಗೆ ಹೋಲಿಸಿದರೆ ಅಲ್ಲಿನ ಗಾಳಿ ಆರರಲ್ಲೊಂದು ಪಾಲಿನಷ್ಟು ತೆಳು. ತಗ್ಗಿನ ಗಾಳಿಗೆ ಹದಗೊಳಿಸಿದ ಕಾರ್ಬ್ಯುರೇಟರು ಮೇಲೇರಿದಂತೆಲ್ಲ ಗಾಳಿಯ ಅಳತೆ ಮೀರಿ ಪೆಟ್ರೋಲು ಉಣಿಸುತ್ತದೆ. ಕರಿಹೊಗೆ ಬರುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಕಡಿದಾದ ಏರಿನಲ್ಲಿ ಗಾಡಿ ವಾಲಿದರೆ ಬಟ್ಟಲೂ ವಾಲುತ್ತದೆ. ಪೆಟ್ರೋಲು ಉಕ್ಕಿ ಹರಿಯಬಹುದು, ಇಲ್ಲವೆ ರಂಧ್ರಕ್ಕೆ ಎಟುಕದೆ ಹೋಗಬಹುದು.

ಇದು ನನಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. 1998ರ ಜುಲೈ ತಿಂಗಳ ಒಂದು ರಾತ್ರಿ ನಾನು ತಮ್ಮನ ತೋಟದಲ್ಲಿದ್ದೆ. ಜಡಿಮಳೆ. ಕೂಲಿ ಲೈನಿನ ಒಬ್ಬ ಹೆಣ್ಣುಮಗಳಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಹಳೆಯ ಪೆಟ್ರೋಲ್ ಜೀಪಿನಲ್ಲಿ ಅವಳನ್ನೂ ಅವಳ ತಾಯಿಯನ್ನೂ ಕೂರಿಸಿಕೊಂಡು ಹೊರಟೆವು. ತೋಟದ ಗೇಟು ಇನ್ನೂ ಎರಡು ತಿರುವು ದೂರವಿದೆ ಎನ್ನುವಾಗ ಕಡಿದಾದ ಏರಿನಲ್ಲಿ ಎಂಜಿನು ಎರಡು ಬಾರಿ ಬಿಕ್ಕಿ ನಿಂತಿತು. ಪೆಟ್ರೋಲಿನ ವಾಸನೆ ಮೂಗಿಗೆ ಅಡರಿತು. ಡ್ರೈವರು ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ಟು ತೆರೆದ. ನಾನು ಕೊಡೆ ಮತ್ತು ಟಾರ್ಚು ಹಿಡಿದೆ. ಸ್ಪ್ಯಾನರಿನ ಹಿಡಿಯಿಂದ ಬಟ್ಟಲಿಗೆ ಮೆಲ್ಲಗೆ ತಟ್ಟಿದ, ಪ್ಲಗ್ಗುಗಳನ್ನು ಬಿಚ್ಚಿ ಒರೆಸಿದ, ಸ್ವಲ್ಪ ಹೊತ್ತು ಕಾದ, ಹ್ಯಾಂಡಲ್ ಹಾಕಿ ತಿರುವಿದ. ಅರ್ಧ ಗಂಟೆಯ ಮೇಲೆ ಎಂಜಿನು ಮಾತನಾಡಿತು. ಬೆಳಗಿನ ಜಾವ ಚಿಕ್ಕಮಗಳೂರಿನಲ್ಲಿ ಹೆರಿಗೆಯಾಯಿತು. ತಾಯಿ, ಮಗು ಇಬ್ಬರೂ ಕ್ಷೇಮ.

ಈ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಯಾವಾಗಲೂ ಆ ಡ್ರೈವರನ ಕೈಚಳಕವನ್ನು ಕೊಂಡಾಡಲೆಂದೇ. ಹುಡುಗನಿಗೂ ಅದನ್ನೇ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, "ಸರಿ ದೊಡ್ಡಪ್ಪ, ಆ ಅರ್ಧ ಗಂಟೆ ಹಿಂದಿನ ಸೀಟಿನಲ್ಲಿದ್ದವಳಿಗೆ ಹೇಗಿತ್ತೋ?" ಎಂದ.

ನಾನು ಸುಮ್ಮನಾದೆ. ಕೊಡೆ ಹಿಡಿದು ನಿಂತವನಿಗೆ ಅದು ಕೌಶಲದ ದರ್ಶನ. ಹಿಂದೆ ಕುಳಿತವಳಿಗೆ ಅದು ಜೀವ ಕೈಯಲ್ಲಿ ಹಿಡಿದ ಅರ್ಧ ಗಂಟೆ. ಅವಳ ನರಳಿಕೆ ನನಗೆ ಕೇಳಿಸಿತ್ತು. ಆದರೆ ಇಷ್ಟು ವರ್ಷ ನಾನು ಹೇಳಿದ ಕಥೆಯಲ್ಲಿ ಅದಕ್ಕೆ ಎಡೆಯೇ ಇರಲಿಲ್ಲ. ಕೆಟ್ಟರೆ ನಾವೇ ಸರಿಮಾಡಬಹುದೆಂಬ ಗುಣವನ್ನು ಹೊಗಳುವಾಗ, ಅದು ಕೆಟ್ಟಿತು ಎಂಬುದನ್ನೇ ಮರೆತುಬಿಡುತ್ತೇವೆ.

ಹಾಗೆಂದು ಇಂಜೆಕ್ಷನ್ ಗಾಡಿ ಕೆಡುವುದೇ ಇಲ್ಲವೆಂದಲ್ಲ. ನೆರೆಯ ತೋಟದ ಒಂದು ಗಾಡಿಯ ವೈರುಗಳನ್ನು ಮಳೆಗಾಲದಲ್ಲಿ ಬೆಚ್ಚಗೆ ಮಲಗಲು ಬಂದ ಇಲಿಗಳು ಕಡಿದು ಹಾಕಿದವು. ಸ್ಕ್ಯಾನರು ಹಿಡಿದ ಮೆಕ್ಯಾನಿಕ್ಕು ಪೇಟೆಯಿಂದ ಬರುವವರೆಗೆ ಎರಡು ದಿನ ಅದು ಕೊಟ್ಟಿಗೆಯಲ್ಲೇ ಕುಳಿತಿತ್ತು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಇಳಿಜಾರಿನಲ್ಲಿ ತಳ್ಳಿದರೂ ಇಂಥ ಗಾಡಿ ಎದ್ದೇಳದು. ಪಂಪಿಗೂ ಕಂಪ್ಯೂಟರಿಗೂ ವಿದ್ಯುತ್ತು ಬೇಕು. ಟ್ಯಾಂಕಿನ ಪಂಪು ತಂಪಾಗಿರುವುದು ಸುತ್ತಲಿನ ಪೆಟ್ರೋಲಿನಿಂದ. ತಳ ಕಾಣುವಷ್ಟು ಪೆಟ್ರೋಲಿನಲ್ಲಿ ಏರು ಹತ್ತಿಸಿದರೆ ಅದು ಗಾಳಿ ಹೀರಿ ಬೇಗನೆ ಸವೆಯುತ್ತದೆ.

ಈಗಿನ ಪೆಟ್ರೋಲಿನ ಮಾತೂ ಇದೆ. 2025ರ ವೇಳೆಗೆ ಶೇಕಡ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲು ದೇಶದಲ್ಲೆಲ್ಲ ಬಂದಿದೆ. ಎಥನಾಲಿಗೆ ನೀರನ್ನು ಹೀರುವ ಗುಣವಿದೆ. ನಮ್ಮ ಮಳೆಗಾಲದ ತೇವದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಗೆ ಅದು ಒಳ್ಳೆಯದಲ್ಲ. ಹಳೆಯ ಗಾಡಿ ಯಾವುದೇ ಆದರೂ ಅದರ ರಬ್ಬರು ಕೊಳವೆಗಳನ್ನು ಪರೀಕ್ಷಿಸಿ ಬದಲಾಯಿಸುವುದು ಕ್ಷೇಮ.

ಆದ್ದರಿಂದ ನನ್ನ ತೀರ್ಮಾನ ಹೀಗೆ. ತೋಟದ ಬೇಲಿಯೊಳಗೆ ಗೊಬ್ಬರ, ಕಾಫಿ ಮೂಟೆ ಸಾಗಿಸಲು ಮಾತ್ರ ಗಾಡಿ ಬೇಕಾಗಿದ್ದು, ಬಿಚ್ಚಿ ಜೋಡಿಸಬಲ್ಲವರು ಮನೆಯಲ್ಲೇ ಇದ್ದರೆ ಕಾರ್ಬ್ಯುರೇಟರು ಧಾರಾಳವಾಗಿ ಸಾಕು. ನಿಂತರೆ ನಡೆದು ಮನೆ ಸೇರಬಹುದು. ಅದೇ ಗಾಡಿ ರಾತ್ರಿ ಆಸ್ಪತ್ರೆಗೂ ಹೋಗಬೇಕಾದರೆ ಇಂಜೆಕ್ಷನಿನದೇ ಮೇಲು. ಆದರೆ ಅದರ ಆರೈಕೆ ತಿರುವಿನಲ್ಲಿ ಆಗುವುದಿಲ್ಲ, ಕೊಟ್ಟಿಗೆಯಲ್ಲೇ ಮುಂಚಿತವಾಗಿ ಆಗಬೇಕು. ಮಳೆಗೆ ಮೊದಲು ಬ್ಯಾಟರಿ ಪರೀಕ್ಷೆಯಾಗಬೇಕು, ಫಿಲ್ಟರು ಬದಲಾಗಬೇಕು, ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯಬಾರದು, ವಾರಕ್ಕೊಮ್ಮೆ ಬಾನೆಟ್ಟು ತೆರೆದು ಇಲಿಯ ಗೂಡು ನೋಡಬೇಕು.

ಹುಡುಗ ಇಂಜೆಕ್ಷನಿನ ಜಿಪ್ಸಿಯನ್ನೇ ತಂದ. ಆ ಹಳೆಯ ಡ್ರೈವರು ಈಗ ಮುದುಕ. ಲೈನಿನ ಕೊನೆಯ ಮನೆಯಲ್ಲಿದ್ದಾನೆ. ಹೊಸ ಗಾಡಿಯನ್ನು ತೋರಿಸಿದಾಗ ಬಾನೆಟ್ಟು ಎತ್ತಿಸಿ ಬಹಳ ಹೊತ್ತು ನೋಡಿದ. "ಇದರಲ್ಲಿ ನನಗೆ ಕೆಲಸವಿಲ್ಲ" ಎಂದು ನಕ್ಕ. ಮರುವಾರದಿಂದ ಬ್ಯಾಟರಿಯನ್ನೂ ಇಲಿಯ ಗೂಡನ್ನೂ ನೋಡುವ ಕೆಲಸವನ್ನು ಹುಡುಗ ಅವನಿಗೇ ಒಪ್ಪಿಸಿದ್ದಾನೆ.