ಕಿವಿ ಕೇಳದ ಮಗುವೂ ಮನೆಯವರ ಕೈಗಳೂ



ಬೆಂಗಳೂರು ದಂಡಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಂದು ಸಂಜೆ ನಿಂತು ನೋಡಿರಿ. ಕನ್ನಡ, ತಮಿಳು, ಉರ್ದು, ಇಂಗ್ಲಿಷುಗಳ ಗದ್ದಲದ ನಡುವೆ ವ್ಯಾಪಾರಿಯು ಬೆರಳೆತ್ತಿ ಬೆಲೆ ತಿಳಿಸುತ್ತಾನೆ. ಗಿರಾಕಿಯು ತಲೆಯಾಡಿಸಿ ಎರಡು ಬೆರಳು ಮಡಿಸುತ್ತಾನೆ. ಇದನ್ನು ಯಾರೂ ಅನಾಗರಿಕವೆಂದು ಬಗೆಯುವುದಿಲ್ಲ. ಅಲ್ಲಿಯೇ ಹಿಂದಣ ಓಣಿಯಲ್ಲಿ ವಾಸವಾಗಿದ್ದ ನಾವು ಮಾತ್ರ ಕಿವಿ ಕೇಳದ ನಮ್ಮ ಮಗಳ ಕೈಗಳನ್ನು ಹಿಡಿದು ಕೂರಿಸುತ್ತಿದ್ದೆವು.

ಸನ್ನೆ ಕಲಿತರೆ ನಾಲಗೆ ತಿರುಗದೆಂದು ತಿಳಿದವರೊಬ್ಬರು ನಮಗೆ ಹೇಳಿದ್ದರು. ಆ ಮಾತಿನ ಬೇರು ಹಳೆಯದು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಕರು ಸಮ್ಮೇಳನ ಸೇರಿ, ಬಾಯ್ಮಾತಿನ ಬೋಧನೆಯೇ ಶ್ರೇಷ್ಠವೆಂದು ನಿರ್ಣಯಿಸಿದರು. ಅದೇ ಪರಂಪರೆಯ ಸಮ್ಮೇಳನವು ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಸೂಚಿಸಿದ್ದು 2010ರಲ್ಲಿ, ವ್ಯಾಂಕೂವರಿನಲ್ಲಿ. ನೂರಮೂವತ್ತು ವರ್ಷಗಳು!

ಮನೆಯ ಅಜ್ಜಿಯವರಿಗೆ ಯಾವ ನಿರ್ಣಯವೂ ತಿಳಿಯದು. ನಾವು ಕಾಣದಂತೆ ಅವರು ಮೊಮ್ಮಗಳೊಡನೆ ಕೈಯಲ್ಲೇ ಹರಟುತ್ತಿದ್ದರು. ಒಮ್ಮೆ ಹಬ್ಬದ ಜನಸಂದಣಿಯಲ್ಲಿ ಮಗು ಕೈತಪ್ಪಿತು. ಅಂಗಡಿಯವರೊಬ್ಬರು ನಾಲ್ಕು ಭಾಷೆಗಳಲ್ಲಿ ಹೆಸರು ಕೇಳಿ ಸೋತು, ಕಡೆಗೆ ಕೈಯಾಡಿಸಿ, "ಅಮ್ಮ ಎಲ್ಲಿ?" ಎಂದರಂತೆ. ಮಗು ಮಣಿಕಟ್ಟಿನ ಸುತ್ತ ಬೆರಳು ಸುತ್ತಿ ತೋರಿಸಿತು. ಬಳೆಯಂಗಡಿಯ ಮುಂದೆ ಅಳುತ್ತ ನಿಂತಿದ್ದ ನಮ್ಮಲ್ಲಿಗೆ ಅವರೇ ಕರೆತಂದರು. ಆ ಸನ್ನೆ ಅಜ್ಜಿಯವರು ಕಲಿಸಿದ್ದು.

ಬಾಯ್ಮಾತಿನ ಶಿಕ್ಷಣವನ್ನು ನಾವು ಹಳಿಯುವುದಿಲ್ಲ. ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಕಿವುಡರಿಗೂ ಅಂಧರಿಗೂ ಶಾಲೆ ಏರ್ಪಟ್ಟಿತು. ಅಲ್ಲಿಯೇ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಿಶುಶಾಲೆಯಲ್ಲಿ ತಾಯಂದಿರಿಗೂ ಮಕ್ಕಳೊಡನೆ ತರಬೇತುಂಟು. ಶ್ರವಣಯಂತ್ರ ತೊಡಿಸಿ ಶಾಲೆಗೆ ಬಿಟ್ಟರೆ ತಮ್ಮ ಹೊಣೆ ತೀರಿತೆಂದು ಭಾವಿಸುವ ನಮ್ಮಂಥವರಿಗೆ ಈ ಏರ್ಪಾಡು ಕೊಂಚ ಕಸಿವಿಸಿಯನ್ನು ಉಂಟುಮಾಡುವುದು ಸಹಜ. ಶಾಲೆಯು ಮಗುವಿಗೆ ಕಲಿಸಿದ್ದನ್ನು ಮನೆಯಲ್ಲಿ ಆಡುವವರಿಲ್ಲದಿದ್ದರೆ ಆ ಮಗು ಸಂಜೆಯ ನಂತರ ಯಾರೊಡನೆ ಮಾತನಾಡಬೇಕು?

ದೆಹಲಿಯಲ್ಲಿ 2015ರಲ್ಲಿ ಆರಂಭವಾದ ಭಾರತೀಯ ಸನ್ನೆಭಾಷಾ ಕೇಂದ್ರದ ನಿಘಂಟಿನಲ್ಲಿ 2021ರ ವೇಳೆಗೆ ಹತ್ತು ಸಾವಿರ ಪದಗಳು ಸೇರಿದ್ದವು. ಪ್ರತಿಯೊಂದನ್ನೂ ಚಲಚ್ಚಿತ್ರದಲ್ಲಿ ನೋಡಿ ಕಲಿಯಬಹುದು. ರಾತ್ರಿ ಊಟವಾದ ಮೇಲೆ ನಾವು ದಿನಕ್ಕೆ ಐದು ಪದಗಳಂತೆ ಅಭ್ಯಾಸಮಾಡುತ್ತೇವೆ. ಈ ವಯಸ್ಸಿನ ಬೆರಳುಗಳು ಬೇಗ ಬಾಗವು. ಮಗಳು ನಗುತ್ತ, ಹಿಂದೆ ನಾವು ಹಿಡಿದಿಡುತ್ತಿದ್ದ ಆ ಕೈಗಳಿಂದಲೇ, ನಮ್ಮ ಬೆರಳುಗಳನ್ನು ತಿದ್ದಿ ನಿಲ್ಲಿಸುತ್ತಾಳೆ.